ತಳ ಕಾಣುವ ಕೆರೆ

ಮಹಾನಗರದಲ್ಲಿ ಕೆರೆಯೊಂದಿದ್ದರೆ ಅದನ್ನು ದಿನವೂ ನೋಡುವವರು ಸಾವಿರಾರು ಮಂದಿ. ಅದರೊಳಗೆ ಏನಿದೆಯೆಂದು ಬಲ್ಲವರು ಬೆರಳೆಣಿಕೆಯಷ್ಟೂ ಇಲ್ಲ. ಕೆರೆ ಕಾಣುವ ಕಿಟಕಿಯುಳ್ಳ ಮನೆಗೆ ಬೆಲೆ ಹೆಚ್ಚು. ಸಂಜೆಯ ವಾಯುವಿಹಾರಕ್ಕೆ ಅದರ ದಂಡೆಯೇ ಪ್ರಶಸ್ತ. ಹಬ್ಬ ಮುಗಿದ ಮೇಲೆ ಮೂರ್ತಿಗಳ ವಿಸರ್ಜನೆಗೂ ಅದೇ ಸ್ಥಳ. ಆದರೆ ಆ ನೀರಿಗೆ ಕಾಲಿಡುವ ಮನಸ್ಸು ಕಿಟಕಿಯ ಒಡೆಯನಿಗೂ ಇಲ್ಲ, ದಂಡೆಯ ಮೇಲೆ ನಡೆಯುವವನಿಗೂ ಇಲ್ಲ. ಕೆರೆಯ ಮೇಲ್ಮೈಗೆ ಒಡೆಯರು ಅನೇಕ, ತಳಕ್ಕೆ ಒಡೆಯರೇ ಇಲ್ಲ. ಒಡೆಯನಿಲ್ಲದ ಸ್ವತ್ತಿಗೆ ಯಾವ ಗತಿಯೋ ನಗರದ ಕೆರೆಗೂ ಇಂದು ಅದೇ ಗತಿ.

ಕನ್ನಡ ನಾಡಿನ ಊರುಗಳಲ್ಲಿ ಕೆರೆಯ ಸಂಗತಿ ಹೀಗಿರಲಿಲ್ಲ. ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರ ಹಿರಿಯ ಪೀಳಿಗೆಯಲ್ಲಿ ಅನೇಕರು ಈಜು ಕಲಿತದ್ದು ಸೋರೆಬುರುಡೆಯನ್ನು ಕಟ್ಟಿಕೊಂಡು ಊರಿನ ಕೆರೆಬಾವಿಗಳಲ್ಲಿ. ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಹೊಣೆ ಹೊತ್ತ ನೀರುಗಂಟಿಯು ಹಲವು ಊರುಗಳಲ್ಲಿ ತೂಬಿನ ಕಲ್ಲುಕಂಬದವರೆಗೆ ಈಜಿ ಹೋಗಿ ಬೆಣೆಯನ್ನು ಎತ್ತಬೇಕಾಗಿತ್ತು. ಎಲ್ಲಿ ಹೂಳು ತುಂಬಿದೆ, ಎಲ್ಲಿ ಆಳವಿದೆ, ಎಲ್ಲಿ ಸೆಳೆತವಿದೆ ಎಂಬುದು ಅವನ ಮೈಗೆ ತಿಳಿದಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಊರವರು ಹೂಳನ್ನು ತೆಗೆದು ಹೊಲಗಳಿಗೆ ಹೊತ್ತೊಯ್ಯುತ್ತಿದ್ದರು. ಹೀಗೆ ಕೆರೆಯ ತಳವು ಆಗಾಗ್ಗೆ ಮನುಷ್ಯನ ಕಣ್ಣಿಗೆ ಬೀಳುತ್ತಿತ್ತು. ಕಣ್ಣಿಗೆ ಬಿದ್ದುದು ಮನಸ್ಸಿಗೂ ಬರುತ್ತಿತ್ತು.

ಈಗಿನ ಕಾಲದಲ್ಲಿ ನೀರುಗಂಟಿಯ ಕಣ್ಣನ್ನು ನಗರವಾಸಿಗೆ ಮರಳಿ ಕೊಡಬಲ್ಲ ಸಾಧನವೊಂದಿದೆ. ಅದು ಸ್ಕೂಬಾ ಎಂದು ಹೆಸರಾದ ಮುಳುಗುವಿದ್ಯೆ. ಒತ್ತಡದಲ್ಲಿ ಗಾಳಿ ತುಂಬಿದ ಉರುಳೆಯನ್ನು ಬೆನ್ನಿಗೆ ಕಟ್ಟಿಕೊಂಡು, ಬಾಯಲ್ಲಿ ಕವಾಟವೊಂದನ್ನು ಕಚ್ಚಿಕೊಂಡು ನೀರಿನಡಿಯಲ್ಲಿ ಸಹಜವಾಗಿ ಉಸಿರಾಡುವ ಈ ಸಲಕರಣೆಗೆ ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕುಸ್ತೋ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾಂ 1943ರಲ್ಲಿ ಇಂದಿನ ರೂಪವನ್ನು ಕೊಟ್ಟರು. ಸ್ಕೂಬಾ ಎಂದೊಡನೆ ಸಮುದ್ರ, ಹವಳ, ಬಣ್ಣದ ಮೀನು ನೆನಪಾಗುವುದು ಸಹಜ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೂ, ಮಾಲವಣದ ಬಳಿಯ ತಾರ್ಕರ್ಲಿಗೂ ಜನ ಇದಕ್ಕೆಂದೇ ಹೋಗುತ್ತಾರೆ. ಆದರೆ ಹೊರದೇಶಗಳಲ್ಲಿ ದೊಡ್ಡ ನಗರಗಳ ಮಗ್ಗುಲಲ್ಲಿರುವ ಸಿಹಿನೀರಿನ ಸರೋವರಗಳಲ್ಲಿಯೂ ಸಾಮಾನ್ಯ ನಾಗರಿಕರು ರಜೆಯ ದಿನಗಳಲ್ಲಿ ಮುಳುಗಿ ಬರುತ್ತಾರೆ ಎಂಬ ಸಂಗತಿ ಹೆಚ್ಚು ಜನಕ್ಕೆ ತಿಳಿದಿಲ್ಲ. ಅಂಥ ಒಂದು ಸರೋವರದ ಕಥೆ ಭಾರತದ ಮಹಾನಗರಗಳಿಗೆ ಉತ್ತಮ ಪಾಠವಾಗಬಲ್ಲುದು.

ಒಂದು ಸರೋವರದ ಪುನರ್ಜನ್ಮ

ಅಮೆರಿಕದ ವಾಯವ್ಯ ತುದಿಯಲ್ಲಿರುವ ಸಿಯಾಟಲ್ ನಗರದ ಪೂರ್ವಕ್ಕೆ ವಾಷಿಂಗ್ಟನ್ ಸರೋವರವಿದೆ. ಉದ್ದ ಸುಮಾರು 35 ಕಿಲೋಮೀಟರು, ಅತ್ಯಧಿಕ ಆಳ ಸುಮಾರು 65 ಮೀಟರು. ತಂತ್ರಾಂಶ ಉದ್ಯೋಗದ ನಿಮಿತ್ತ ಅದರ ಪೂರ್ವದಡದ ಊರುಗಳಲ್ಲಿ ಈಗ ಕನ್ನಡ ಕುಟುಂಬಗಳೂ ನೆಲೆಸಿವೆ. ಈ ಸರೋವರದಲ್ಲಿ ಮುಳುಗಿದವನಿಗೆ ಹವಳವಾಗಲಿ ಬಣ್ಣದ ಮೀನಾಗಲಿ ಕಾಣದು. ಕಾಣುವುದು ನಗರದ ಚರಿತ್ರೆ. ಸುಮಾರು 1,100 ವರ್ಷಗಳ ಹಿಂದೆ ಭೂಕಂಪವಾದಾಗ ದಡದ ಇಳಿಜಾರು ಕುಸಿದು, ಕಾಡಿನ ಮರಗಳು ನಿಂತ ನಿಲುವಿನಲ್ಲಿಯೇ ನೀರಿನೊಳಗೆ ಜಾರಿದವು. ಅವುಗಳ ಕಾಂಡಗಳು ತಳದಲ್ಲಿ ಇನ್ನೂ ಇವೆ. 1875ರಲ್ಲಿ ಸರಕುದೋಣಿಯಿಂದ ಉರುಳಿದ ಕಲ್ಲಿದ್ದಲ ಬಂಡಿಗಳು ಅಲ್ಲಿವೆ. ನೌಕಾಪಡೆಯ ಹಳೆಯ ವಿಮಾನಗಳೂ ಅಲ್ಲಿ ಮುಳುಗಿವೆ. 1956ರಲ್ಲಿ ಮುಳುಗಿದ ಒಂದನ್ನು 1995ರಲ್ಲಿ ಮೇಲೆತ್ತಲಾಯಿತು.

ಆದರೆ 1960ರ ಸುಮಾರಿಗೆ ಇದೇ ಸರೋವರದಲ್ಲಿ ಮುಳುಗಿದವನಿಗೆ ಚಾಚಿದ ತನ್ನ ಕೈಯೂ ಸರಿಯಾಗಿ ಕಾಣುವಂತಿರಲಿಲ್ಲ. 1941ರಿಂದ ಮೊದಲ್ಗೊಂಡು ದಡದ ಊರುಗಳು ತಮ್ಮ ಚರಂಡಿನೀರನ್ನು ಸಂಸ್ಕರಿಸಿ ಸರೋವರಕ್ಕೆ ಬಿಡತೊಡಗಿದ್ದವು. ಸಂಸ್ಕರಿಸಿದ ನೀರೆಂಬ ಮಾತನ್ನು ಇಲ್ಲಿ ಗಮನಿಸಬೇಕು. ರೋಗಾಣುಗಳು ಬಹುಮಟ್ಟಿಗೆ ನಾಶವಾಗಿದ್ದರೂ ಅದರಲ್ಲಿ ರಂಜಕವು ಉಳಿದಿತ್ತು. ಗದ್ದೆಗೆ ಗೊಬ್ಬರವಾಗುವ ಆ ರಂಜಕವೇ ನೀರಿನಲ್ಲಿ ಪಾಚಿಗೆ ಗೊಬ್ಬರವಾಯಿತು. 1955ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಜೀವಶಾಸ್ತ್ರಜ್ಞರು ಆಸಿಲೇಟೋರಿಯಾ ಎಂಬ ನೀಲಿಹಸಿರು ಪಾಚಿಯನ್ನು ಸರೋವರದಲ್ಲಿ ಗುರುತಿಸಿದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ಅವನತಿಯ ಕಾಲದಲ್ಲಿ ಕಾಣಿಸಿಕೊಂಡಿದ್ದ ಪಾಚಿಯೇ ಇದು. ಮುಂದೆ ಬರುವ ಅನಾಹುತವನ್ನು ಪ್ರೊಫೆಸರ್ ಡಬ್ಲ್ಯು. ಟಿ. ಎಡ್ಮಂಡ್‌ಸನ್ ಮುಂಚಿತವಾಗಿಯೇ ತಿಳಿಸಿದರು.

ಪರಿಹಾರವು ಸುಲಭವಾಗಿ ದೊರೆಯಲಿಲ್ಲ. ದಡದ ಊರುಗಳೆಲ್ಲ ಕೂಡಿ ಒಂದೇ ಸಂಸ್ಥೆಯನ್ನು ಸ್ಥಾಪಿಸಿ, ಸುತ್ತಲೂ ದೊಡ್ಡ ಕೊಳವೆಗಳನ್ನು ಹಾಕಿ, ಚರಂಡಿನೀರನ್ನು ಸರೋವರದಿಂದ ಸಂಪೂರ್ಣವಾಗಿ ಬೇರೆಡೆಗೆ ತಿರುಗಿಸಬೇಕಾಗಿತ್ತು. ಖರ್ಚನ್ನು ಜನರೇ ಹೊರಬೇಕು. 1958ರ ಮಾರ್ಚ್ ತಿಂಗಳಲ್ಲಿ ಈ ಪ್ರಶ್ನೆಯನ್ನು ಮತಕ್ಕೆ ಹಾಕಿದಾಗ ಅದು ಸೋತಿತು. ಜೇಮ್ಸ್ ಎಲ್ಲಿಸ್ ಎಂಬ ವಕೀಲರ ನೇತೃತ್ವದಲ್ಲಿ ನಾಗರಿಕರು ಎದೆಗುಂದದೆ, ಯೋಜನೆಯನ್ನು ಕಿರಿದುಗೊಳಿಸಿ ಅದೇ ಸೆಪ್ಟೆಂಬರಿನಲ್ಲಿ ಮತ್ತೆ ಮತ ಕೇಳಿದರು. ಈ ಸಲ ಗೆದ್ದರು. 1963ರಿಂದ 1968ರ ವರೆಗೆ ಒಂದೊಂದಾಗಿ ಚರಂಡಿಗಳು ಸರೋವರದಿಂದ ದೂರ ಸರಿದವು.

ಫಲವನ್ನು ಅಳೆದದ್ದು ಅತ್ಯಂತ ಸರಳವಾದ ಒಂದು ಉಪಕರಣದಿಂದ. ಇಟಲಿಯ ಪಾದ್ರಿಯೂ ವಿಜ್ಞಾನಿಯೂ ಆಗಿದ್ದ ಆಂಜೆಲೊ ಸೆಕ್ಕಿ 1865ರಲ್ಲಿ ಬಳಕೆಗೆ ತಂದ ಬಿಳಿಯ ತಟ್ಟೆಯೇ ಆ ಉಪಕರಣ. ದಾರ ಕಟ್ಟಿ ನೀರಿಗೆ ಇಳಿಬಿಟ್ಟು, ಎಷ್ಟು ಆಳದಲ್ಲಿ ಅದು ಕಣ್ಮರೆಯಾಗುವುದೋ ಅಷ್ಟು ನೀರಿನ ತಿಳಿತನ. ಸರೋವರದ ಕೆಟ್ಟ ದಿನಗಳಲ್ಲಿ, ಬೇಸಿಗೆಯಲ್ಲಿ ಆ ತಟ್ಟೆಯು ಸುಮಾರು ಒಂದು ಮೀಟರಿನಲ್ಲಿಯೇ ಮರೆಯಾಗುತ್ತಿತ್ತು. ಚರಂಡಿ ನಿಂತು ಹತ್ತು ವರ್ಷ ಕಳೆಯುವುದರೊಳಗೆ, ಪಾಚಿಯನ್ನು ತಿಂದು ಬದುಕುವ ಡ್ಯಾಫ್ನಿಯಾ ಎಂಬ ಪುಟ್ಟ ಜಲಜೀವಿಯೂ ಹೆಚ್ಚಿದ ಮೇಲೆ, ಸುಮಾರು 7 ಮೀಟರಿನ ವರೆಗೆ ಕಾಣುವಂತಾಯಿತು. ಇಂದಿಗೂ ಬೇಸಿಗೆಯಲ್ಲಿ ಸ್ನಾನತೀರಗಳ ನೀರನ್ನು ವಾರವಾರವೂ ಪರೀಕ್ಷಿಸಿ, ರೋಗಾಣು ಹೆಚ್ಚಾಗಿ ಕಂಡ ತೀರವನ್ನು ಸರಿಹೋಗುವ ತನಕ ಮುಚ್ಚುವ ಪದ್ಧತಿಯಿದೆ. ಅಂದರೆ ಗೆದ್ದ ಮೇಲೆಯೂ ಕಾವಲು ನಿಂತಿಲ್ಲ.

ಬಳಕೆಯೇ ಕಾವಲು

ಇಲ್ಲಿ ವಿಚಾರ ಮಾಡಬೇಕಾದ ಮುಖ್ಯ ಅಂಶವೊಂದಿದೆ. ಸಿಯಾಟಲ್ಲಿನ ಜನ ಆ ಸರೋವರದ ನೀರನ್ನು ಕುಡಿಯುವುದಿಲ್ಲ. ಅವರ ಕುಡಿಯುವ ನೀರು ಬೇರೆ ನದಿಗಳಿಂದ ಬರುತ್ತದೆ. ಹಾಗಿದ್ದೂ ಅದಕ್ಕಾಗಿ ತೆರಿಗೆ ತೆತ್ತು ಹೋರಾಡಿದ್ದೇಕೆ? ಅವರ ಮಕ್ಕಳು ಆ ನೀರಿನಲ್ಲಿ ಈಜುತ್ತಿದ್ದರು. ನೀರು ಕೆಟ್ಟರೆ ಅದರ ದುರ್ವಾಸನೆ ಮೊದಲು ಅಂಟುತ್ತಿದ್ದುದು ಸ್ವಂತ ಮಕ್ಕಳ ಮೈಗೆ. ಕುಡಿಯುವ ನೀರಿಗೆ ಸರ್ಕಾರದ ಕಾವಲು; ಇಳಿಯುವ ನೀರಿಗೆ ಜನರ ಕಾವಲು; ಎರಡೂ ಅಲ್ಲದ ನೀರಿಗೆ ಯಾರ ಕಾವಲೂ ಇಲ್ಲ.

ಈ ಮಾತಿಗೆ ಮುಂಬಯಿಯಲ್ಲಿಯೇ ಸಾಕ್ಷಿಯಿದೆ. ವಿಹಾರ್, ತುಳಸಿ ಮತ್ತು ಪವಾಯಿ ಎಂಬ ಮೂರು ಕೆರೆಗಳು ಒಂದಕ್ಕೊಂದು ನೆರೆಯವು. 1860ರ ವಿಹಾರ್ ಮತ್ತು 1879ರ ತುಳಸಿ ಇಂದಿಗೂ ನಗರಕ್ಕೆ ಕುಡಿಯುವ ನೀರನ್ನು ಕೊಡುತ್ತಿವೆ. ಅವುಗಳ ಜಲಾನಯನವು ಅರಣ್ಯದ ರಕ್ಷಣೆಯಲ್ಲಿದೆ. 1891ರ ಪವಾಯಿಯ ನೀರು ಕುಡಿಯಲು ಯೋಗ್ಯವಲ್ಲವೆಂದಾದ ಮೇಲೆ ಅದರ ದೆಸೆಯೇ ಬೇರೆಯಾಯಿತು. ಚರಂಡಿ ಸೇರಿತು, ಅಂತರಗಂಗೆ ಹಬ್ಬಿತು. ಅದರ ದಂಡೆಯಲ್ಲಿ ನಗರಪಾಲಿಕೆ ಹೂಡಿದ್ದ ಸೈಕಲ್ ಹಾದಿಯ ಕಾಮಗಾರಿಯನ್ನು ತಡೆಯಲು 2022ರಲ್ಲಿ ಉಚ್ಚ ನ್ಯಾಯಾಲಯವೇ ಮುಂದಾಗಬೇಕಾಯಿತು.

ಹೈದರಾಬಾದಿನ ಉದಾಹರಣೆ ಇನ್ನೂ ಸ್ಪಷ್ಟವಾದುದು. ಕುತುಬ್‌ಶಾಹಿಗಳ ಕಾಲದ ಹುಸೇನ್ ಸಾಗರ ಒಂದು ಕಾಲದಲ್ಲಿ ನಗರದ ದಾಹವನ್ನು ತಣಿಸುತ್ತಿತ್ತು. ಆ ಬಳಕೆ ತಪ್ಪಿದ ಮೇಲೆ ಅದು ನಗರದ ಕೊಳೆಯನ್ನು ಹೊರುವ ಪಾತ್ರೆಯಾಯಿತು. 1990ರಲ್ಲಿ ಬುದ್ಧನ ಬೃಹತ್ ಶಿಲಾಮೂರ್ತಿಯನ್ನು ಸಾಗಿಸುತ್ತಿದ್ದ ತೆಪ್ಪವು ವಾಲಿ, ಕೆಲಸಗಾರರು ಪ್ರಾಣ ತೆತ್ತು, ಮೂರ್ತಿಯು ತಳ ಸೇರಿತು. 1992ರಲ್ಲಿ ಅದನ್ನು ಎತ್ತಿ ನಿಲ್ಲಿಸುವವರೆಗೆ ಆ ಕೆಸರಿನಲ್ಲಿಯೇ ಮಲಗಿತ್ತು. ಕೆರೆಯ ತಳವನ್ನು ನಗರವು ನೆನೆದದ್ದು ಆಗಲೇ ಇರಬೇಕು. ಅದೇ ನಗರದ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳ ಜಲಾನಯನವನ್ನು ಕಾಪಾಡಲು 1996ರಲ್ಲಿ ಹೊರಟ ಸರ್ಕಾರಿ ಆದೇಶವನ್ನು 2022ರಲ್ಲಿ ಸಡಿಲಿಸಿದಾಗ ಕೇಳಿಬಂದ ವಾದವೇನು? ನಗರವು ಈಗ ಆ ಕೆರೆಗಳ ನೀರನ್ನು ಅವಲಂಬಿಸಿಲ್ಲ ಎಂಬುದು! ಬಳಕೆ ತಪ್ಪಿದರೆ ಕಾವಲೂ ತಪ್ಪುವುದೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ತಾಯಿನಾಡಿನ ರಾಜಧಾನಿಯೂ ಈ ವಿಷಯದಲ್ಲಿ ಹೆಮ್ಮೆಪಡುವಂತಿಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಉಗುಳಿ, 2015ರಲ್ಲಿಯೂ 2017ರಲ್ಲಿಯೂ ಹೊತ್ತಿ ಉರಿದ ಸುದ್ದಿ ದೇಶಾಂತರಗಳಲ್ಲಿ ಪ್ರಕಟವಾಯಿತು. ನೀರಿಗೆ ಬೆಂಕಿ ಬೀಳುವುದೆಂದರೆ ಪೂರ್ವಿಕರು ಅದನ್ನು ಪ್ರಳಯದ ವರ್ಣನೆಯೆಂದೇ ತಿಳಿಯುತ್ತಿದ್ದರು.

ಆದುದರಿಂದ ನಗರದ ಕೆರೆಯ ಆರೋಗ್ಯಕ್ಕೆ ಯೋಗ್ಯವಾದ ಅಳತೆಗೋಲು ದಂಡೆಯ ಮೇಲಿನ ಕಾರಂಜಿಯೂ ಅಲ್ಲ, ವಿದ್ಯುದ್ದೀಪದ ಸಾಲೂ ಅಲ್ಲ. ಮನುಷ್ಯನೊಬ್ಬ ಅದರಲ್ಲಿ ಮುಳುಗಿ, ನೋಡಿ, ರೋಗವಿಲ್ಲದೆ ಮೇಲೆ ಬರಬಲ್ಲನೆ ಎಂಬ ಪ್ರಶ್ನೆಯೇ ಅಳತೆಗೋಲು.

ದೇಹಕ್ಕೆ ನೀರು ವಿಧಿಸುವ ನಿಯಮಗಳು

ಕೊಳೆತ ನೀರು ದೇಹಕ್ಕೆ ಮಾಡುವ ಹಾನಿಯನ್ನು ಮೊದಲು ತಿಳಿಯಬೇಕು. ಚರಂಡಿ ಬೆರೆತ ನೀರು ಬಾಯಿಗೆ ಹೋದರೆ ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳು ಬರಬಹುದು. ಇಲಿಯ ಮೂತ್ರದ ಮೂಲಕ ಹರಡುವ ಇಲಿಜ್ವರದ ರೋಗಾಣುವಿಗೆ ಚರ್ಮದ ಮೇಲಿನ ಸಣ್ಣ ಗಾಯವೇ ಸಾಕಷ್ಟು ದೊಡ್ಡ ಬಾಗಿಲು. 2005ರ ಜುಲೈ 26ರ ಮಹಾಪ್ರವಾಹದ ತರುವಾಯ ಮುಂಬಯಿ ಈ ಜ್ವರದ ಹಾವಳಿಯನ್ನು ಅನುಭವಿಸಿತು. ಕೆಲವು ಜಾತಿಯ ನೀಲಿಹಸಿರು ಪಾಚಿಗಳು ಯಕೃತ್ತಿಗೆ ಹಾನಿಮಾಡುವ ವಿಷವನ್ನು ಉತ್ಪತ್ತಿಮಾಡುತ್ತವೆ. ನೀರನ್ನು ಕುದಿಸಿದ ಮಾತ್ರಕ್ಕೆ ಆ ವಿಷ ಹೋಗುವುದಿಲ್ಲ.

ನೀರು ನಿರ್ಮಲವಾಗಿದ್ದರೂ ಮುಳುಗುವವನು ಪಾಲಿಸಬೇಕಾದ ನಿಯಮಗಳಿವೆ. ಸಿಹಿನೀರಿನಲ್ಲಿ ಸುಮಾರು 10.3 ಮೀಟರು ಇಳಿದರೆ ಮೈಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಇಳಿಯುವಾಗ ಕಿವಿಯ ಒಳಗಿನ ಗಾಳಿಯನ್ನು ಸಮಮಾಡಿಕೊಳ್ಳದಿದ್ದರೆ ತಮಟೆ ಹರಿಯಬಹುದು. ನೆಗಡಿಯಾದಾಗ ಮುಳುಗಬಾರದೆಂಬುದು ಇದೇ ಕಾರಣಕ್ಕೆ. ಏರುವಾಗ ಉಸಿರು ಕಟ್ಟಿದರೆ ಶ್ವಾಸಕೋಶದ ಗಾಳಿ ಹಿಗ್ಗಿ ಅದನ್ನು ಸೀಳಿ, ಗುಳ್ಳೆಗಳು ರಕ್ತದ ಮೂಲಕ ಮೆದುಳನ್ನು ಸೇರಬಹುದು. ಆದ್ದರಿಂದ ಮುಳುಗುವವನ ಮೊದಲ ಪಾಠ ಎಂದಿಗೂ ಉಸಿರು ಕಟ್ಟಬಾರದೆಂಬುದು. ಬೇಗನೆ ಏರಿದರೆ ರಕ್ತದಲ್ಲಿ ಕರಗಿದ ಸಾರಜನಕವು, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಗುಳ್ಳೆಗಟ್ಟುತ್ತದೆ. ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ವೇಗವಾಗಿ ಏರದೆ, 5 ಮೀಟರಿನ ಆಳದಲ್ಲಿ ಮೂರು ನಿಮಿಷ ನಿಂತು ಬರುವುದು ಇದಕ್ಕಾಗಿಯೇ.

ದಖ್ಖಣದ ಕನ್ನಡಿಗರು ವಿಶೇಷವಾಗಿ ಅರಿಯಬೇಕಾದ ಅಂಶವೂ ಒಂದಿದೆ. ಸಮುದ್ರಮಟ್ಟಕ್ಕಿಂತ 300 ಮೀಟರಿಗೂ ಎತ್ತರದ ನೀರಿನಲ್ಲಿ ಮುಳುಗುವುದಕ್ಕೆ ಪ್ರತ್ಯೇಕ ಲೆಕ್ಕಾಚಾರವಿದೆ, ಏಕೆಂದರೆ ಅಲ್ಲಿ ಗಾಳಿಯ ಒತ್ತಡ ಕಡಿಮೆ. ಪುಣೆಯೂ ಬೆಂಗಳೂರೂ ಈ ಎಲ್ಲೆಯನ್ನು ಮೀರಿದ ಎತ್ತರದಲ್ಲಿವೆ. ಕರಾವಳಿಯಲ್ಲಿ ಮುಳುಗಿ ಅದೇ ಸಂಜೆ ಘಾಟಿ ಹತ್ತಿ ಊರಿಗೆ ಮರಳುವುದು ಕೂಡ ಇದೇ ಕಾರಣಕ್ಕೆ ಅಪಾಯಕರ. ವಿಮಾನ ಹತ್ತುವ ಮುನ್ನ ಒಮ್ಮೆ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆಗಳಾದರೂ ಕಾಯಬೇಕೆಂಬ ಸಲಹೆಯಿದೆ. ಘಾಟಿಯ ದಾರಿಗೂ ಈ ಎಚ್ಚರವನ್ನು ಅನ್ವಯಿಸಿ, ಒಂದು ರಾತ್ರಿ ತಂಗಿ ಹೊರಡುವುದು ವಿವೇಕ. ಹೃದ್ರೋಗ, ಆಸ್ತಮಾ, ಮೂರ್ಛೆರೋಗ, ಕಿವಿತಮಟೆಯ ರಂಧ್ರ ಇರುವವರು ವೈದ್ಯರ ಅನುಮತಿಯಿಲ್ಲದೆ ಮುಳುಗಬಾರದು. ಗರ್ಭಿಣಿಯರಿಗೆ ಇದು ಸರ್ವಥಾ ನಿಷಿದ್ಧ. ನಲವತ್ತೈದು ದಾಟಿದವರು ಮೊದಲು ಹೃದಯವನ್ನು ಪರೀಕ್ಷಿಸಿಕೊಳ್ಳಬೇಕು. ಮುಳುಗುವಾಗಿನ ಮರಣಗಳಲ್ಲಿ ಹೃದ್ರೋಗದ ಪಾಲು ಸಣ್ಣದಲ್ಲ.

ಎರಡು ಆಕ್ಷೇಪಗಳು

ಇದು ಉಳ್ಳವರ ವಿನೋದ, ಸಾಮಾನ್ಯನಿಗೆ ಇದರಿಂದೇನೆಂದು ಕೆಲವರು ಕೇಳಬಹುದು. ಸಲಕರಣೆಯ ಬೆಲೆ ಹೆಚ್ಚೆಂಬುದು ನಿಜ. ಆದರೆ ವಾಷಿಂಗ್ಟನ್ ಸರೋವರ ತಿಳಿಯಾದದ್ದು ಮುಳುಗುವವರಿಗಾಗಿ ಅಲ್ಲ. ಮುಳುಗುವವನು ಎಲ್ಲೋ ಒಬ್ಬನಿರಬಹುದು. ಅವನಿಗೆ ಯೋಗ್ಯವಾದ ನೀರು ಮೀನುಗಾರನಿಗೂ ಅಗಸನಿಗೂ ದನಕರುಗಳಿಗೂ ಯೋಗ್ಯವಾದುದೇ. ಕೊಳೆತ ಕೆರೆಯ ಸೊಳ್ಳೆ ಮೊದಲು ಕಚ್ಚುವುದು ಎತ್ತರದ ಮಹಡಿಯವರನ್ನಲ್ಲ, ದಂಡೆಯ ಗುಡಿಸಲಿನವರನ್ನು.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಪ್ರತಿ ಮಳೆಗಾಲದಲ್ಲಿಯೂ ನಗರದ ಸುತ್ತಲಿನ ಜಲಾಶಯ ಜಲಪಾತಗಳಲ್ಲಿ ಪ್ರಾಣಗಳು ಹೋಗುತ್ತಿರುವಾಗ ಜನರನ್ನು ನೀರಿಗೆ ಕರೆಯುವುದು ಸರಿಯೆ? 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದ ದಾರುಣ ಘಟನೆಯನ್ನು ಯಾರೂ ಮರೆಯಲಾರರು. ಅಂಥ ಕಡೆ ನಿಷೇಧವೂ ಕಾವಲೂ ಇರಲೇಬೇಕು. ಆದರೆ ಬರಿಯ ಫಲಕದಿಂದ ಪ್ರಾಣ ಉಳಿಯದು. ನೀರನ್ನು ಹೆದರುವವನಿಗಿಂತ ಹೆಚ್ಚಾಗಿ ನೀರನ್ನು ಅರಿಯದವನು ಮುಳುಗುತ್ತಾನೆ. ಸ್ಕೂಬಾ ಕಲಿಯುವವನಿಗೆ ಹೇಳಿಕೊಡುವ ಶಿಸ್ತನ್ನು ನೋಡಿರಿ: ಒಂಟಿಯಾಗಿ ಇಳಿಯಬಾರದು, ಇಳಿಯುವ ಮುನ್ನ ಸಲಕರಣೆಯನ್ನು ಜೊತೆಗಾರನೊಡನೆ ಪರೀಕ್ಷಿಸಬೇಕು, ಮದ್ಯ ಕುಡಿದು ಇಳಿಯಬಾರದು, ಹವೆ ಕೆಟ್ಟರೆ ದೂರದಿಂದ ಬಂದಿದ್ದರೂ ಹಿಂದಿರುಗಬೇಕು, ಗಾಬರಿಯಾದರೆ ನಿಂತು, ಉಸಿರಾಡಿ, ಯೋಚಿಸಿ ಮುಂದಿನ ಕೆಲಸ ಮಾಡಬೇಕು. ವಾರಾಂತ್ಯದ ವಿಹಾರಕ್ಕೆ ಹೋಗುವ ತರುಣರಲ್ಲಿ ಈ ಐದು ಮಾತುಗಳು ನೆಲೆಗೊಂಡರೆ ಎಷ್ಟೋ ತಾಯಂದಿರ ಕಣ್ಣೀರು ತಪ್ಪುವುದು.

ನಾಳೆಯೇ ಪವಾಯಿಯಲ್ಲಿ ಮುಳುಗಬೇಕೆಂದು ಯಾರೂ ಹೇಳಲಾರರು. ಅಲ್ಲಿ ಮೊಸಳೆಗಳಿವೆ, ಅವಕ್ಕೂ ಅಲ್ಲಿ ಬಾಳುವ ಹಕ್ಕಿದೆ. ಕುಡಿಯುವ ನೀರಿನ ಜಲಾಶಯಗಳಿಗೆ ಇಳಿಯುವುದೂ ತರವಲ್ಲ. ಎಲ್ಲ ಕೆರೆಯಲ್ಲಿಯೂ ಮುಳುಗಬೇಕಾಗಿಲ್ಲ. ಮುಳುಗಬಹುದಾದಷ್ಟು ನಿರ್ಮಲವಾಗಿ ಎಲ್ಲ ಕೆರೆಯೂ ಇರಬೇಕು.

ಸಂಘಗಳ ಪಾಲಿನ ಕೆಲಸ

ಹೊರನಾಡಿನ ಕನ್ನಡ ಸಂಘಗಳು ನಾಟಕ ಸಂಗೀತಗಳ ಜೊತೆಗೆ ಈ ದಿಕ್ಕಿನಲ್ಲಿಯೂ ಕೆಲಸ ಮಾಡಬಹುದು. ಮೊದಲನೆಯದು, ಸದಸ್ಯರ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ನುರಿತ ಶಿಕ್ಷಕರಿಂದ ಈಜು ಕಲಿಸುವುದು. ಆರು ವರ್ಷ ದಾಟಿದ ಮಕ್ಕಳಿಗೆ ಈಜನ್ನೂ ಜಲಸುರಕ್ಷೆಯನ್ನೂ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆಮಾಡಿದೆ. ವಿಶ್ವಸಂಸ್ಥೆಯು 2021ರಲ್ಲಿ ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ಸಾರಿದೆ. ಸಂಘದ ಪಂಚಾಂಗದಲ್ಲಿ ಆ ದಿನಕ್ಕೂ ಸ್ಥಾನವಿರಲಿ.

ಎರಡನೆಯದಕ್ಕೆ ಖರ್ಚೇ ಇಲ್ಲ. ಬಿಳಿ ಬಣ್ಣ ಬಳಿದ ಒಂದು ತಟ್ಟೆ, ಗುರುತುಹಾಕಿದ ಒಂದು ದಾರ, ಹಿರಿಯರೊಬ್ಬರ ಮೇಲ್ವಿಚಾರಣೆ, ಅನುಮತಿ ಇರುವ ಕಟ್ಟೆ ಅಥವಾ ದೋಣಿ: ಇಷ್ಟಿದ್ದರೆ ಪ್ರೌಢಶಾಲೆಯ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಕೆರೆಯ ತಿಳಿತನವನ್ನು ಅಳೆದು ಬರೆದಿಡಬಹುದು. ಒಂದು ವರ್ಷದ ಅಂಕಿಗಳನ್ನು ಮುಂದಿಟ್ಟು, ನೀರಿನ ಪರೀಕ್ಷೆಯ ವರದಿಯನ್ನು ಪ್ರಕಟಿಸಿರೆಂದು ನಗರಪಾಲಿಕೆಯನ್ನು ಕೇಳಿದರೆ ಆ ಕೋರಿಕೆಗೆ ತೂಕ ಬರುತ್ತದೆ. ಕೆರೆ ಯಾವ ಭಾಷೆಯವರ ನಗರದಲ್ಲಿದ್ದರೇನು? ಅನ್ನ ಕೊಟ್ಟ ನೆಲದ ನೀರಿನ ಋಣ ತೀರಿಸುವುದಕ್ಕೆ ಹೊರಗಿನಿಂದ ಬಂದವರೆಂಬ ಭೇದವಿಲ್ಲ.

ಸಿಯಾಟಲ್ಲಿನ ನಾಗರಿಕರು ಒಮ್ಮೆ ಸೋತು ಆರು ತಿಂಗಳಲ್ಲಿ ಮತ್ತೆ ಎದ್ದು ನಿಂತರು. ಚರಂಡಿಗಳನ್ನೆಲ್ಲ ತಿರುಗಿಸಲು ಹತ್ತು ವರ್ಷ ಹಿಡಿಯಿತು. ಇನ್ನೊಂದು ಹತ್ತು ವರ್ಷದೊಳಗೆ ತಟ್ಟೆ ಏಳು ಮೀಟರಿನ ವರೆಗೆ ಕಂಡಿತು. ಇಂದು ಈಜು ಕಲಿಯಲು ಹೊರಟ ಬಾಲಕಿಗೆ ಇಪ್ಪತ್ತು ವರ್ಷ ದೊಡ್ಡ ಅವಧಿಯೇನಲ್ಲ. ಈ ಕೆಲಸ ಈ ವರ್ಷವೇ ಆರಂಭವಾದರೆ, ಅವಳು ತನ್ನ ನಗರದ ಕೆರೆಗೆ ಇಳಿದು ತಳವನ್ನು ನೋಡಿ ಬರುವ ದಿನ ಅಸಾಧ್ಯವಾದುದಲ್ಲ.